ರಜೆಯಲ್ಲಿದ್ದ ನಾಯಿ ಹಿಡಿದ ಆರೋಪಿ

ಮೊಂಟಾನಾದ ಆಲ್ಡರ್ ಫೋರ್ಕ್ ಪೊಲೀಸ್ ಇಲಾಖೆಯಲ್ಲಿ ಪ್ರತಿ ಶನಿವಾರ ಕಡ್ಡಾಯ ರಜೆ ಇರುವ ಏಕೈಕ ನೌಕರ ಒಂದು ನಾಯಿ. ಹೆಸರು ಶಿಮ್ಶೋನ್.

ಇಸ್ರೇಲಿನಲ್ಲಿ ತರಬೇತಿ ಪಡೆದ ಶಿಮ್ಶೋನ್ ಹೀಬ್ರೂ ಬಿಟ್ಟು ಬೇರೆ ಭಾಷೆಗೆ ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ. ಅದನ್ನು ನೋಡಿಕೊಳ್ಳುವ ಪೇದೆ ಹಾಲ್ವರ್ಸನ್‌ಗೆ ಹೀಬ್ರೂ ಬರುತ್ತಿರಲಿಲ್ಲ. ಆದ್ದರಿಂದ ಊರಿನ ಯಹೂದಿ ಧರ್ಮಗುರು ರಬ್ಬಿ ಓರ್ಲಿನ್‌ಸ್ಕಿಯವರನ್ನು ಶ್ವಾನಭಾಷಾ ಸಲಹೆಗಾರರನ್ನಾಗಿ ನೇಮಿಸಲಾಯಿತು. ಶನಿವಾರ ತಮಗೆ ಸಬ್ಬತ್ ಎಂಬ ವಿಶ್ರಾಂತಿಯ ದಿನ, ಯಾವ ಕೆಲಸವನ್ನೂ ಮುಟ್ಟುವುದಿಲ್ಲ ಎಂದು ರಬ್ಬಿ ಮೊದಲೇ ಹೇಳಿದ್ದರು. ಇಲಾಖೆ ಸುತ್ತೋಲೆ ಹೊರಡಿಸಿತು:

"ಸಲಹೆಗಾರರಿಲ್ಲದೆ ನಾಯಿಯನ್ನು ಕೆಲಸಕ್ಕೆ ಹಚ್ಚತಕ್ಕದ್ದಲ್ಲ. ಆದಕಾರಣ ನಾಯಿಯೂ ಸಬ್ಬತ್ ಆಚರಿಸತಕ್ಕದ್ದು. ಆಚರಿಸಿದ್ದಕ್ಕೆ ದೃಢೀಕರಣ ಪತ್ರ ಲಗತ್ತಿಸತಕ್ಕದ್ದು."

ಹೀಗಾಗಿ ಶನಿವಾರ ಹಾಲ್ವರ್ಸನ್ ನಾಯಿಯನ್ನು ರಬ್ಬಿಯವರ ಮನೆಗೆ, ಪ್ರಾರ್ಥನೆಗೆ ಕರೆತರುತ್ತಿದ್ದ. ಸಬ್ಬತ್‌ನಲ್ಲಿ ಬರೆಯುವಂತಿಲ್ಲವಾದ್ದರಿಂದ ಪತ್ರ ಭಾನುವಾರ ಸಿಗುತ್ತಿತ್ತು.

ರಬ್ಬಿಯವರ ಸಂಕಟವೇ ಬೇರೆ. ಅವರ ತಂದೆ ತೀರಿಕೊಂಡು ಮೂರು ತಿಂಗಳಾಗಿತ್ತು. ಮಗನಾದವನು ಹನ್ನೊಂದು ತಿಂಗಳು ತಂದೆಯ ಹೆಸರಲ್ಲಿ ಪ್ರಾರ್ಥನೆ ಹೇಳಬೇಕು. ಹೇಳಲು ಹತ್ತು ಮಂದಿ ಯಹೂದಿ ಗಂಡಸರು ಸೇರಬೇಕು. ಊರಲ್ಲಿದ್ದವರು ರಬ್ಬಿಯೂ ಸೇರಿ ಒಂಬತ್ತು. ವಾರವಾರವೂ ಅವರು ತಲೆ ಎಣಿಸಿ ಆ ಪ್ರಾರ್ಥನೆಯನ್ನು ನುಂಗಿಕೊಳ್ಳುತ್ತಿದ್ದರು.

"ನಾನಿಲ್ವಾ ರಬ್ಬಿಗಳೇ? ನಾಯೀನೂ ಇದೆ," ಎಂದ ಹಾಲ್ವರ್ಸನ್.

"ನೀನು ಲೂಥರನ್ ಕ್ರಿಶ್ಚಿಯನ್ ಕಣಪ್ಪಾ. ನಾಯಿ ವಿಷಯ ನಿಮ್ಮ ಇಲಾಖೇನೇ ಕೇಳು."

ಅವನು ನಿಜಕ್ಕೂ ಕೇಳಿದ. ನಾಯಿ ಇನ್ನೂ ಪ್ರೊಬೇಷನ್‌ನಲ್ಲಿದೆ ಎಂದು ಉತ್ತರ ಬಂತು.

ಒಂದು ಶನಿವಾರ ಹಿತ್ತಲಿನ ಹೊಳೆಯ ಕಡೆ ಹೋದ ಶಿಮ್ಶೋನ್ ಹಲ್ಲಿನ ಡಾಕ್ಟರ್ ಗ್ಲಾಜ್‌ಮನ್‌ರನ್ನು ಪ್ಯಾಂಟು ಹಿಡಿದು ಎಳೆದು ತಂದಿತು. ಅವರ ಚೀಲದಲ್ಲಿ ನಾಲ್ಕು ಟ್ರೌಟ್ ಮೀನು. ಹಿಡಿಯಲು ಲೈಸೆನ್ಸ್ ಇರಲಿಲ್ಲ. ಬಾಗಿಲು ದಾಟುವಾಗ ಡಾಕ್ಟರ ಕೈ ತನ್ನಷ್ಟಕ್ಕೇ ಮೇಲೆದ್ದು, ಯಹೂದಿ ಮನೆಗಳ ಚೌಕಟ್ಟಿನಲ್ಲಿರುವ ಶಾಸ್ತ್ರವಾಕ್ಯದ ಪುಟ್ಟ ಡಬ್ಬಿಯನ್ನು ಮುಟ್ಟಿ ತುಟಿಗೆ ಹೋಯಿತು. ಒಂಬತ್ತು ಮಂದಿಯೂ ಅದನ್ನು ನೋಡಿದರು.

"ಡಾಕ್ಟ್ರೇ! ಹನ್ನೆರಡು ವರ್ಷದಿಂದ ನನ್ ಬಾಯಲ್ಲೇ ಕೈಯಿಟ್ಟಿದೀರಿ, ಯಹೂದಿ ಅಂತ ಒಂದ್ ಮಾತು ಹೇಳ್ಲಿಲ್ವಲ್ರೀ!" ಎಂದರು ರಬ್ಬಿ.

"ಹೇಳಿದ್ರೆ ಪ್ರತಿ ಶನಿವಾರ ಹತ್ತನೇ ಆಳು ಅಂತ ಎಳ್ಕೊಂಡ್ ಬರ್ತಿದ್ರಿ. ನಂಗೆ ಮೀನು ಬೇಕಿತ್ತು."

"ಮೀನು ಹೊರಗಿಡಿ. ಕೂತ್ಕೊಳ್ಳಿ."

ಅಂದು ರಬ್ಬಿ ತಂದೆಯ ಪ್ರಾರ್ಥನೆ ಹೇಳಿದರು. ಅರ್ಧದಲ್ಲಿ ಅತ್ತುಬಿಟ್ಟರು. ನಾಯಿ ತೂಕಡಿಸುತ್ತಿತ್ತು.

ಸೋಮವಾರ ಇಲಾಖೆ ತೀರ್ಮಾನಿಸಿತು: "ರಜೆಯಲ್ಲಿದ್ದ ನೌಕರನು ಹಿಡಿದರೆ ಅದು ಬಂಧನವಲ್ಲ, ಪರಿಚಯ. ಆದಾಗ್ಯೂ ವಿಚಾರಣೆ ಅಗತ್ಯ. ಆರೋಪಿಯು ಪ್ರತಿ ಶನಿವಾರ ನಾಯಿ ಇರುವಲ್ಲಿ ಹಾಜರಾಗತಕ್ಕದ್ದು. ಸಲಹೆಗಾರರ ಶಿಫಾರಸಿನಂತೆ ಅವಧಿ ಎಂಟು ತಿಂಗಳು."

ಎಂಟು ತಿಂಗಳ ಬಳಿಕ, ಸಾಕ್ಷಿ ನಾಯಿ ಏನೂ ಹೇಳಲಿಲ್ಲವೆಂದು ಕೇಸು ಮುಚ್ಚಲಾಯಿತು. ಮರುವಾರ ರಬ್ಬಿ ಬಾಗಿಲ ಕಡೆ ನೋಡಬಾರದೆಂದು ಗೋಡೆಗೆ ಮುಖ ಮಾಡಿ ಕೂತಿದ್ದರು. ಡಾಕ್ಟರು ಬಂದು, ಡಬ್ಬಿ ಮುಟ್ಟಿ, ನಾಯಿಯ ಪಕ್ಕ ಕೂತರು.

"ಕೇಸು ಮುಗೀತಲ್ರೀ?" ಎಂದರು ರಬ್ಬಿ.

"ಮೇಲ್ಮನವಿ ಹಾಕಿದೀನಿ."

ಇಲಾಖೆಯು ಸದರಿ ಮನವಿಯನ್ನು ಅಂಗೀಕರಿಸಿ, ನಾಯಿಗೆ ಒಂದು ನಕಲು ಪ್ರತಿಯನ್ನು ಹೀಬ್ರೂ ಭಾಷೆಯಲ್ಲಿ ಕಳುಹಿಸಿದೆ.