ಸಾಮಾನ್ಯ ಸದಸ್ಯರು ಬೇಕಾಗಿದ್ದಾರೆ

ಕೊಳ್ಳೇಗಾಲ ಸೀಮೆಗೆ ಮೊಟ್ಟಮೊದಲ ರೇಡಿಯೋ ತಂದವನು ನಾನೇ. ತಂದದ್ದಷ್ಟೇ ಅಲ್ಲ, ಅದನ್ನು ಪೂರಾ ಬಿಚ್ಚಿ, ಕಣ್ಣು ಮುಚ್ಚಿಕೊಂಡು ಮತ್ತೆ ಜೋಡಿಸಿದೆ.

ಸುಳ್ಳು. ರೇಡಿಯೋಗೆ ಎರಡು ತಿರುಪು ಇರುತ್ತವೆ, ಒಂದು ಸದ್ದಿಗೆ ಒಂದು ಸ್ಟೇಷನ್ನಿಗೆ, ಅನ್ನುವುದಕ್ಕಿಂತ ಹೆಚ್ಚಿನ ವಿದ್ಯೆ ನನಗೆ ಇವತ್ತಿಗೂ ಹತ್ತಿಲ್ಲ. ನನ್ನದು ಟಾರ್ಚು, ಸೆಲ್ಲು ಮಾರುವ ಅಂಗಡಿ. ಆದರೂ ನಾನು ರೇಡಿಯೋ ಇಂಜಿನಿಯರುಗಳ ಸಂಘದ ಕೊಳ್ಳೇಗಾಲ ಶಾಖೆಯ ಜಂಟಿ ಕಾರ್ಯದರ್ಶಿ. ಇದು ಮಾತ್ರ ನಿಜ. ಸಂಘ ಅಂತ ಒಂದಿದ್ದರೆ ಇಂಥವು ಆಗುತ್ತಲೇ ಇರುತ್ತವೆ, ನಾವು ಕರೆಯಬೇಕಾಗಿಯೇ ಇಲ್ಲ.

ಬೆಂಚು

ಕೊಳ್ಳೇಗಾಲ ಮದರಾಸಿನ ಕೈ ಬಿಟ್ಟು ಮೈಸೂರಿಗೆ ಸೇರಿ ಹತ್ತು ಹನ್ನೆರಡು ವರ್ಷ ಆಗಿತ್ತು. ಟ್ರಾನ್ಸಿಸ್ಟರು ಆಗ ತಾನೇ ಹೆಗಲಿಗೆ ಬಂದಿತ್ತು. ನನ್ನ ಪಕ್ಕದ ಅಂಗಡಿ ರೇಡಿಯೋ ರಿಪೇರಿಯವರದು. ಅಲ್ಲೊಂದು ಸಭೆ, ಬೆಂಚು ಬೇಕು ಅಂದರು, ಕೊಟ್ಟೆ. ಸಂಜೆಗೆ ವಾಪಸು ತರೋಣ ಅಂತ ಹೋದರೆ ಒಳಗೆ ಶಾಖೆ ಹುಟ್ಟುತ್ತಾ ಇತ್ತು.

ನಮ್ಮ ಕಡೆ ಮನೆಗೆ ಬಂದವರನ್ನು ಬರಿಗೈಲಿ ಕಳಿಸುವುದಿಲ್ಲ. ಮದುವೆಗೆ ಬಂದವರಿಗೆ ತೆಂಗಿನಕಾಯಿ, ಸಂಘಕ್ಕೆ ಬಂದವರಿಗೆ ಹುದ್ದೆ. ಕರೆಂಟಾಫೀಸಿನಿಂದ ರಿಟೈರಾದ ಹಿರಿಯರು ಅಧ್ಯಕ್ಷರು. ಯಳಂದೂರಿನ ಸೈನ್ಸ್ ಮೇಷ್ಟ್ರು ಉಪಾಧ್ಯಕ್ಷರು. ರಿಪೇರಿ ಅಂಗಡಿಯವರು ಕಾರ್ಯದರ್ಶಿ. ಹನೂರಿನ ಮೈಕ್‌ಸೆಟ್ಟಿನವನು ಸಂಘಟನಾ ಕಾರ್ಯದರ್ಶಿ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ ಅಧ್ಯಕ್ಷರು, "ಪಾಪ, ಅವರನ್ನ ಯಾಕೆ ಬಿಡ್ತೀರಿ" ಅಂದರು.

ಬೆಂಚು ತರಲು ಹೋದವನು ಜಂಟಿ ಕಾರ್ಯದರ್ಶಿಯಾಗಿ ಬಂದೆ. ಬೆಂಚು ಇನ್ನೂ ಬಂದಿಲ್ಲ.

ಹೊನ್ನೂರಿನ ಗಾಡಿ

ಒಂದೆರಡು ವರ್ಷ ಸುಖವಾಗಿದ್ದೆವು. ಆಮೇಲೆ ಬೆಂಗಳೂರಿನ ಮುಖ್ಯ ಕಚೇರಿಯವರು ಒಂದು ಮಾತು ಕೇಳಿ ಕಳಿಸಿದರು: "ನಿಮ್ಮಲ್ಲಿ ಎಲ್ಲರೂ ಪದಾಧಿಕಾರಿಗಳೇ ಇದ್ದೀರಿ. ನಿಮ್ಮನ್ನು ಆರಿಸಿದವರು ಯಾರು?" ಒಬ್ಬನಾದರೂ ಸಾಮಾನ್ಯ ಸದಸ್ಯ ಇರಲೇಬೇಕಂತೆ. ಮುಖ್ಯಸ್ಥರೇ ಬಂದು ನೋಡುತ್ತಾರಂತೆ. ಇಲ್ಲದಿದ್ದರೆ ಶಾಖೆ ಮುಚ್ಚಿ ಮೈಸೂರಿಗೆ ಸೇರಿಸುತ್ತಾರಂತೆ.

ನಮಗೆಲ್ಲ ನಗು. ಅಧ್ಯಕ್ಷರಿಗೆ ಮಾತ್ರ ಊಟ ಸೇರಲಿಲ್ಲ. ರಿಟೈರಾದ ಮೇಲೆ ಮನೆಯಲ್ಲಿ ಅವರ ಮಾತು ಫ್ಯಾನೂ ಕೇಳುತ್ತಿರಲಿಲ್ಲ. ದಿನಾ ಬೆಳಗ್ಗೆ ಕೋಟು ಹಾಕಿಕೊಂಡು ಬಂದು, ಅಂಗಡಿ ಮುಂದಿನ ಶಾಖೆಯ ಬೋರ್ಡನ್ನು ಕರ್ಚೀಫಿನಲ್ಲಿ ಒರೆಸಿ, ಯಾರಾದರೂ "ಅಧ್ಯಕ್ಷರೇ" ಅಂದಮೇಲೆಯೇ ಅವರಿಗೆ ಬೆಳಗಾಗುತ್ತಿದ್ದದ್ದು. ಆ ಬೋರ್ಡು ಇಳಿದರೆ ಅವರೇ ಇಳಿದುಹೋಗುತ್ತಾರೆ ಅಂತ ನಮಗೆಲ್ಲ ಗೊತ್ತಿತ್ತು. ಸರಿ, ಸದಸ್ಯರನ್ನು ಹುಡುಕಲು ಹೊರಟೆವು.

ಮೊದಲು ಹೊನ್ನೂರು. ಶಾಲೆ ಜಗಲಿ ಮೇಲೆ ಉಚಿತ ರೇಡಿಯೋ ತಪಾಸಣೆ. ಒಬ್ಬ ಗೌಡರು ಗಾಡಿಯಲ್ಲಿ ರೇಡಿಯೋನ ಬಾಣಂತಿ ಕೂಸಿನ ಹಂಗೆ ಕಂಬಳಿ ಸುತ್ತಿ ತಂದರು. ಇಳಿಸಿದ್ದೇ ತಡ, ಮೇಷ್ಟ್ರು ಬಿಚ್ಚಿಬಿಟ್ಟರು.

"ಯಾಕ ಬಿಚ್ತೀರಿ ಸಾ? ಚೆಂದಾಗೇ ಆಡ್ತಾ ಅದಲ್ಲ."

"ಏನೂ ಆಗಿಲ್ಲ ಅನ್ನೋದನ್ನ ಖಾತ್ರಿ ಮಾಡ್ಕೋಬೇಕಲ್ಲಪ್ಪ."

ಖಾತ್ರಿಯಾಯಿತು. ಮತ್ತೆ ಜೋಡಿಸಿದಾಗ ಒಂದು ಸ್ಪ್ರಿಂಗು, ಎರಡು ಸ್ಕ್ರೂ ಹೊರಗೇ ಉಳಿದವು. ರೇಡಿಯೋ ಮಾತ್ರ ಮೊದಲಿಗಿಂತ ಜೋರಾಗಿ ಹಾಡಿತು! "ನೋಡಿ, ಭಾರ ಇಳಿಸಿದ್ವಿ" ಅಂದರು ಮೇಷ್ಟ್ರು. ಗೌಡರು ಖುಷಿಯಾಗಿ ಸಂಘಕ್ಕೆ ಸೇರಲು ಒಪ್ಪಿದರು. ಅಧ್ಯಕ್ಷರ ಕಣ್ಣಲ್ಲಿ ನೀರು.

"ನನ್ನ ಏನು ಮಾಡೀರಿ?" ಅಂದರು ಗೌಡರು.

"ಸದಸ್ಯರು."

"ಬರೀ ಸದಸ್ಯನಾ? ನಮ್ಮೂರ ಸೊಸೈಟಿಲಿ ನಾ ಡೈರೆಟ್ರು ಕಣ್ರಿ! ನೆಂಟರು ಕೇಳುದ್ರ ಏನಂತ ಏಳ್ಳಿ?"

ಬಂದವರನ್ನು ಬರಿಗೈಲಿ ಕಳಿಸುವುದುಂಟೇ? ಅಧ್ಯಕ್ಷರು ಬಾಯಿ ತಪ್ಪಿ "ಹೊನ್ನೂರು ಸಂಚಾಲಕರು" ಅಂದುಬಿಟ್ಟರು. ಗಾಡಿ ಹೊಡೆದುಕೊಂಡು ಬಂದಿದ್ದ ಭಾವಮೈದುನ ಮುಖ ಊದಿಸಿದ. ಅವನು ಉಪಸಂಚಾಲಕನಾದ. ಉಳಿದದ್ದು ಎರಡು ಎತ್ತು.

"ಮೇಷ್ಟ್ರೇ, ಇವಕ್ಕೆ ಸದಸ್ಯತ್ವ ಕೊಡಬಹುದಾ?" ಅಂತ ಕೇಳಿದೆ.

ಮೇಷ್ಟ್ರು ಎತ್ತುಗಳ ಕಡೆ ನೋಡಿ ಯೋಚಿಸಿದರು. ದೇವರಾಣೆ, ಯೋಚಿಸಿದರು!

ಅಲೋ, ಅಲೋ

ಆಮೇಲೆ ಹನೂರು. ಸಂತೆ ದಿನ ಅಧ್ಯಕ್ಷರ ಭಾಷಣ, 'ಮನೆಗೊಂದು ರೇಡಿಯೋ'. ವಾರವೆಲ್ಲ ಕನ್ನಡಿ ಮುಂದೆ ನಿಂತು ಬಾಯಿಪಾಠ ಮಾಡಿದ್ದರು. ಮೈಕ್‌ಸೆಟ್ಟು ನಮ್ಮ ಸಂಘಟನಾ ಕಾರ್ಯದರ್ಶಿಯದೇ, ಬ್ಯಾಟರಿ ಮೇಲೆ ನಡೆಯುವಂಥದ್ದು.

"ಅಲೋ, ಅಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ" ಅಂತ ಅವನು ಶುರುಮಾಡಿದ. ಚೆನ್ನಾಗೇ ಇತ್ತು. ಆದರೆ ಕಾರ್ಯದರ್ಶಿಗೆ ಸಮಾಧಾನವಿಲ್ಲ. "ಸದ್ದು ಕೀರಲಾಯ್ತು ಕಣಪ್ಪ, ಬಿಡು ನಾ ನೋಡ್ತೀನಿ" ಅಂತ ಅವರೊಂದು ಗಳಿಗೆ ಅಲೋ ಅಂದರು. ಮೇಷ್ಟ್ರು ಅವರ ಕೈಯಿಂದ ಕಿತ್ತುಕೊಂಡು, "ಒನ್ ಟೂ ತ್ರೀಲಿ ಎಲ್ಲಾ ಅಕ್ಷರ ಬರಲ್ಲ ರೀ" ಅಂತ ಕಾಗುಣಿತ ಹೇಳಿದರು. ಸಂತೆಯಲ್ಲಿದ್ದ ಮಕ್ಕಳೆಲ್ಲ ಓಡಿಬಂದು ಕೈಕಟ್ಟಿ ನಿಂತು, ಕ ಕಾ ಕಿ ಕೀ ಅಂತ ತಿರುಗಿ ಹೇಳಿದವು.

ಇಷ್ಟು ಜನ ಟೆಸ್ಟ್ ಮಾಡುವಾಗ ನಾನು ಸುಮ್ಮನಿರುವುದು ಸಂಘಕ್ಕೆ ಅಗೌರವ. ನಾನೂ ಟೆಸ್ಟ್ ಮಾಡಿದೆ: "ಅಧ್ಯಕ್ಷರ ಭಾಷಣ ಕೊನೇವರೆಗೂ ಕೇಳಿದವರಿಗೆ ಒಂದು ಟಾರ್ಚು ಬಹುಮಾನ."

ಸಂತೆಯೇ ನಮ್ಮ ಮುಂದೆ ಬಂದು ಕೂತಿತು. ಅಷ್ಟು ಜನರನ್ನು ಅಧ್ಯಕ್ಷರು ಜನ್ಮದಲ್ಲಿ ಕಂಡಿರಲಿಲ್ಲ. ಎದ್ದರು, ಕೋಟು ಸರಿಮಾಡಿಕೊಂಡರು, ಮೈಕಿನ ಮುಂದೆ ಬಂದು "ಮಹನೀಯರೇ" ಅಂದರು. ಅಷ್ಟು ಹೊತ್ತಿಗೆ ಬ್ಯಾಟರಿ ಪ್ರಾಣ ಬಿಟ್ಟಿತ್ತು. ಅಧ್ಯಕ್ಷರು ನಿಲ್ಲಿಸಲಿಲ್ಲ. ಕೈ ಬೀಸಿದರು, ಬೆರಳೆತ್ತಿದರು, ಎದೆ ಮುಟ್ಟಿಕೊಂಡರು. ಮುಂದಿನ ಸಾಲಿಗೂ ಒಂದು ಮಾತು ಕೇಳಿಸಲಿಲ್ಲ.

ಸೊಪ್ಪು ಮಾರುವ ಅಜ್ಜಿ ನನ್ನ ತೋಳು ಹಿಡಿದು ಜಗ್ಗಿದಳು. "ಕ್ವಾಟ್ನೋರು ಬಾಯಿ ಆಡುಸ್ತಾವ್ರ, ಸದ್ದೇ ಬತ್ತಾ ಇಲ್ಲ ಕಣ್ಲಾ ಮಗ. ರೇಡಿಯ ಆಮ್ಯಾಕ ಮಾಡಿರಂತ, ಮೊದ್ಲು ಅವರ ರಿಪೇರಿ ಮಾಡ್ಸಿ!"

ರೇಷ್ಮೆಹುಳದ ಜ್ವರ

ಮುಖ್ಯಸ್ಥರು ಬರುವ ದಿನ ಬಂತು. ಸದಸ್ಯರು ಮಾತ್ರ ಬರಲಿಲ್ಲ. ಕೆಲಸವನ್ನಾದರೂ ತೋರಿಸೋಣ ಅಂತ ಅಧ್ಯಕ್ಷರು ಮನೆಯ ದೊಡ್ಡ ವಾಲ್ವ್ ರೇಡಿಯೋ ತಂದು ಅಂಗಡಿ ಮೇಜಿನ ಮೇಲಿಟ್ಟರು. ಹಚ್ಚಿದರೆ ಮುಂಭಾಗದ ಹಸಿರು ಕಣ್ಣು ನಿಧಾನಕ್ಕೆ ಅರಳಿ, ಬೆಣ್ಣೆಯಂಥ ಹಾಡು ಬರುತ್ತಿತ್ತು. "ಯಾರೂ ಮುಟ್ಟಬೇಡ್ರಪ್ಪ" ಅಂತ ಹೇಳಿ, ಒಳ್ಳೆ ಕೋಟು ಹಾಕಿಕೊಂಡು ಬರಲು ಮನೆಗೆ ಹೋದರು.

ಚೆನ್ನಾಗಿ ಹಾಡುವ ರೇಡಿಯೋ ಕಂಡರೆ ನಮ್ಮವರಿಗೆ ಕೈ ಕಡಿಯುತ್ತದೆ. ಯಾರೂ ಇಲ್ಲದ್ದು ನೋಡಿ ಕಾರ್ಯದರ್ಶಿ ಒಳಗಿನ ಒಂದು ತಿರುಪನ್ನು ಒಂಚೂರು ಬಿಗಿ ಮಾಡಿದರು. ಅವರು ಕಾಫಿಗೆ ಹೋದಾಗ ಯಳಂದೂರು ಬಸ್ಸಲ್ಲಿ ಇಳಿದ ಮೇಷ್ಟ್ರು ಅದೇ ತಿರುಪನ್ನು ಒಂಚೂರು ಸಡಿಲ ಮಾಡಿದರು. ಹನೂರಿನವನು ಯಾವುದೋ ವೈರು ಬದಲಿಸಿದ. ನಾನು ಕೈ ಹಾಕಲಿಲ್ಲಪ್ಪ. ಧೂಳಿತ್ತು, ಒಳಗೆ ಜೋರಾಗಿ ಊದಿದೆ ಅಷ್ಟೆ. ಒಬ್ಬರು ಮುಟ್ಟಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ.

ಮುಖ್ಯಸ್ಥರು ಬಸ್ಸಿಳಿದು ಬರುತ್ತಿದ್ದ ಹಾಗೇ, ಒಳ್ಳೆ ಕೋಟಲ್ಲಿ ವಾಪಸು ಬಂದಿದ್ದ ಅಧ್ಯಕ್ಷರು ಸ್ವಿಚ್ಚು ಹಾಕಿದರೆ ಕಣ್ಣು ಅರಳಲಿಲ್ಲ. ಉಸಿರೂ ಇಲ್ಲ. "ಅಯ್ಯೋ ಕಡವುಳೇ" ಅಂದರು ಅಧ್ಯಕ್ಷರು. ಎದೆ ಒಡೆದಾಗ ಮಾತ್ರ ಅವರು ದೇವರನ್ನು ಮದರಾಸಿನ ಕಾಲದ ತಮಿಳಿನಲ್ಲಿ ಕರೆಯುತ್ತಿದ್ದರು.

ಆ ಮುಖ ನೋಡಲಾರದೆ ನಾನೊಂದು ಕೆಲಸ ಮಾಡಿದೆ. ನನ್ನ ಅಂಗಡಿಯ ಪುಟ್ಟ ಟ್ರಾನ್ಸಿಸ್ಟರನ್ನು ಹಚ್ಚಿ, ಮೇಜುಬಟ್ಟೆಯಡಿ, ದೊಡ್ಡ ರೇಡಿಯೋ ಹಿಂದಕ್ಕೆ ತಳ್ಳಿದೆ. ಕೃಷಿ ಕಾರ್ಯಕ್ರಮ ಬರುತ್ತಿತ್ತು. "ರೇಷ್ಮೆಹುಳು ಪೊರೆ ಬಿಡಲು ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು" ಅಂತ ಒಬ್ಬರು ಗಂಭೀರವಾಗಿ ಹೇಳುತ್ತಿದ್ದರು.

ಮುಖ್ಯಸ್ಥರು ತಲೆದೂಗಿದರು. "ಧ್ವನಿ ಚೆನ್ನಾಗಿದೆ" ಅಂತ ಸ್ಟೇಷನ್ ತಿರುಪು ಆ ತುದಿಯಿಂದ ಈ ತುದಿಗೆ ತಿರುಗಿಸಿದರು. ರೇಷ್ಮೆಹುಳ ಜ್ವರದಲ್ಲೇ ಇತ್ತು. ಸ್ವಿಚ್ಚು ಆರಿಸಿದರು. ಜ್ವರ ಇಳಿಯಲಿಲ್ಲ. ಬಗ್ಗಿ ಗೋಡೆಯಿಂದ ಪ್ಲಗ್ಗನ್ನೇ ಕಿತ್ತು ಕೈಯಲ್ಲಿ ಹಿಡಿದು ನಿಂತರು.

"ಕರೆಂಟೂ ಬೇಡ, ಸ್ಟೇಷನ್ನೂ ಬೇಡ. ಇಂಥ ರೇಡಿಯೋ ಬೆಂಗಳೂರಲ್ಲೂ ಇಲ್ಲ ಸ್ವಾಮಿ."

ಮೇಜುಬಟ್ಟೆ ಎತ್ತಿದರು. ಅಡಿಯಲ್ಲಿ ಹುಳ ಜ್ವರ ಬಿಟ್ಟು ಏಳುತ್ತಾ ಇತ್ತು.

ಅಧ್ಯಕ್ಷರು ಮುಂದೆ ಬಂದರು. "ತಪ್ಪು ನಂದು ಸಾರ್. ಚೆನ್ನಾಗೇ ಹಾಡ್ತಿತ್ತು. ಕೋಟು ಹಾಕ್ಕೊಂಡು ಬಂದವನು ಒಂದು ವಾಲ್ವನ್ನ ಒಂಚೂರು ಅದುಮಿಬಿಟ್ಟೆ."

"ಇಲ್ಲ ಸಾರ್, ನಾನು ಬಿಗಿ ಮಾಡಿದ್ದು" ಅಂದರು ಕಾರ್ಯದರ್ಶಿ.

"ಬಿಗಿ ಮಾಡಿದ್ದು ನೀವಾ? ನಾನು ಸಡಿಲ ಮಾಡಿದೆನಲ್ಲ!" ಅಂದರು ಮೇಷ್ಟ್ರು.

"ವೈರು ನಂದು ಸಾ" ಅಂದ ಹನೂರಿನವನು.

"ಯಾವ ವೈರು?" ಮುಖ್ಯಸ್ಥರ ಕಣ್ಣು ಹೊಳೆಯಿತು. "ಎಲ್ಲಿಂದ ಎಲ್ಲಿಗೆ? ತಡೀರಿ, ತಡೀರಿ." ಕೋಟು ಬಿಚ್ಚಿ ಬೋರ್ಡಿನ ಮೊಳೆಗೆ ನೇತುಹಾಕಿ, ನನ್ನ ಬೆಂಚಿನ ಮೇಲೆ ಕೂತು ಕೈ ಚಾಚಿದರು. "ಸ್ಕ್ರೂಡ್ರೈವರ್ ಕೊಡಿ."

ಹಿಂತಿರುಗುವ ಬಸ್ಸು ಬಂತು, ಹೋಯಿತು. ಅವರು ತಲೆಯೆತ್ತಲಿಲ್ಲ. ಬಿಸಿಲು ಅಂಗಡಿ ಮೆಟ್ಟಿಲಿಳಿಯುವ ಹೊತ್ತಿಗೆ ಹಸಿರು ಕಣ್ಣು ಅರಳಿತು. ಮುಖ್ಯಸ್ಥರು ಮೂಗಿನ ಮೇಲೆ ಮಸಿ ಬಳಿದುಕೊಂಡು ಮಗುವಿನ ಹಾಗೆ ನಕ್ಕರು. "ಮುಖ್ಯಸ್ಥ ಆದಮೇಲೆ ಎಲ್ಲರೂ ಕೈಗೆ ಹಾರ ಕೊಡ್ತಾರೆ. ಸ್ಕ್ರೂಡ್ರೈವರ್ ಒಬ್ಬರೂ ಕೊಟ್ಟಿರಲಿಲ್ಲ." ಆಮೇಲೆ ಬಂದ ಕೆಲಸ ನೆನಪಾಯಿತು. "ಸಾಮಾನ್ಯ ಸದಸ್ಯರು ಎಲ್ಲಿ?"

"ಒಬ್ಬರೂ ಇಲ್ಲ ಸಾರ್." ಅಧ್ಯಕ್ಷರು ಕಾರ್ಯದರ್ಶಿ ಕಡೆ ತಿರುಗಿದರು. "ಬೋರ್ಡು ಇಳಿಸಿಬಿಡಪ್ಪ."

"ಅದರ ಮೊಳೇಲಿ ನನ್ನ ಕೋಟು ಇದೆ, ಇಳಿಸಬೇಡಿ" ಅಂದರು ಮುಖ್ಯಸ್ಥರು. "ಬೆಂಗಳೂರಲ್ಲಿ ನಾನು ಆಗಬೇಕಾದ್ದೆಲ್ಲ ಆಗಿದ್ದೀನಿ. ಇಲ್ಲಿ ನನ್ನನ್ನ ಏನೂ ಮಾಡಬೇಡಿ. ಬರೀ ಸದಸ್ಯ ಮಾಡ್ಕೊಳ್ಳಿ."

ಅಧ್ಯಕ್ಷರು ಮುಖ್ಯಸ್ಥರ ಕೈ ಹಿಡಿದು, "ಛೆ ಛೆ, ತಮ್ಮನ್ನ ಬರಿಗೈಲಿ ಹೆಂಗೆ... ಗೌರವ ಸಲಹೆಗಾರ..." ಅನ್ನುವಷ್ಟರಲ್ಲಿ ನಾವು ನಾಲ್ಕೂ ಜನ ಹಾರಿ ಅಧ್ಯಕ್ಷರ ಬಾಯಿ ಮುಚ್ಚಿದೆವು.

ಶಾಖೆ ಉಳಿಯಿತು. ನಮ್ಮ ಏಕೈಕ ಸಾಮಾನ್ಯ ಸದಸ್ಯರು ಆ ಗಳಿಗೆಯಲ್ಲೇ ಮೊದಲ ದೂರು ಹೇಳಿದರು: "ಬಂದಾಗಿನಿಂದ ಪದಾಧಿಕಾರಿಗಳು ಒಂದು ಟೀ ಕೊಡಿಸಿಲ್ಲ." ಅಧ್ಯಕ್ಷರು ಉಪಾಧ್ಯಕ್ಷರನ್ನು ನೋಡಿದರು, ಉಪಾಧ್ಯಕ್ಷರು ಕಾರ್ಯದರ್ಶಿಯನ್ನು, ಅವರು ನನ್ನನ್ನು. ನಾನೇ ಎಲ್ಲರಿಗೂ ಟೀ ಕೊಡಿಸಿದೆ.

ಸುಳ್ಳು. ಅವರೇ ಕೊಡಿಸಿದರು. ಪದಾಧಿಕಾರಿಗಳು ಕೂತು ಮಾತಾಡುವುದು, ಸಾಮಾನ್ಯ ಸದಸ್ಯರು ಟೀಗೆ ಹೇಳುವುದು, ಅವತ್ತಿನಿಂದ ನಮ್ಮ ಶಾಖೆಯ ಪದ್ಧತಿ ಅದೇ. ಈಗ ನೋಡಿ, ಇಷ್ಟು ಹೊತ್ತು ನಾನು ಕೂತು ಮಾತಾಡಿದ್ದೀನಿ. ನಿಮಗೆ ಯಾವ ಹುದ್ದೆಯನ್ನೂ ಕೊಟ್ಟಿಲ್ಲ. ನನ್ನ ಟೀಗೆ ಸಕ್ಕರೆ ಸ್ವಲ್ಪ ಮುಂದಾಗಿರಲಿ ಅಂತ ಹೇಳಿ.