ತಿಂಗಳು ತಿಂಗಳು ಗಿಡ್ಡಾದ ಹುಡುಗಿ

ಕಳೆದ ವರ್ಷ ಜೂನ್‌ನಲ್ಲಿ ನಾನು ಹೊಸಪೇಟೆಯ ಒಂದು ಪ್ರೌಢಶಾಲೆಗೆ ವಿಜ್ಞಾನದ ಅತಿಥಿ ಶಿಕ್ಷಕಿಯಾಗಿ ಸೇರಿದೆ. ಕ್ರೀಡಾ ಹಾಸ್ಟೆಲಿನ ಮಕ್ಕಳಿರುವ ತರಗತಿಯಲ್ಲಿ ನಗುವ ಪ್ರಸಂಗಗಳಿಗೆ ಬರವಿಲ್ಲ. ಆ ವರ್ಷದವು ಮಾತ್ರ ಒಬ್ಬಳೇ ಹುಡುಗಿಯ ಸುತ್ತ ನಡೆದವು.

ಫೋಟೊ

ಅವಳು ಚೋರನೂರಿನವಳು, ವಾಲಿಬಾಲ್ ಆಟಗಾರ್ತಿ, ಒಂಬತ್ತನೇ ತರಗತಿಗೆ ಹೊಸಬಳು. ಹುಡುಗರಿಗಿಂತಲೂ ಎತ್ತರ. ಮೊದಲ ವಾರವೇ ‘ಲೈಟ್ ಕಂಬ’ ಎಂಬ ಹೆಸರು ಬಿತ್ತು. ಅಂದಿನಿಂದ ಬಾಗಿಯೇ ನಡೆದಳು. ತರಗತಿಯ ಫೋಟೊ ತೆಗೆಯುವಾಗ ಹಿಂದಿನ ಸಾಲಿನಲ್ಲಿ ಮೊಣಕಾಲು ಮಡಿಸಿ ನಿಂತಳು. ಅವಳೊಬ್ಬಳೇ ಯಾಕೆ ಬಾಗಬೇಕೆಂದು ಹಾಸ್ಟೆಲಿನ ಗೆಳತಿಯರೂ ಮಡಿಸಿದರು. ಫೋಟೊದಲ್ಲಿ ಹಿಂದಿನ ಸಾಲಿನವರ ಹಣೆಗಳಷ್ಟೇ ಬಂದವು.

ಅಳತೆ

ಪ್ರತಿ ತಿಂಗಳು ಹಾಸ್ಟೆಲ್ ಮಕ್ಕಳ ಎತ್ತರ ಅಳೆಯುವ ಕೆಲಸ ನನ್ನದು. ಅವಳು ಜುಲೈನಲ್ಲಿ 168 ಸೆಂಟಿಮೀಟರ್, ಆಗಸ್ಟ್‌ನಲ್ಲಿ 166, ಸೆಪ್ಟೆಂಬರ್‌ನಲ್ಲಿ 165. ಟೇಪನ್ನು ಲ್ಯಾಬಿನ ಮೀಟರ್ ಪಟ್ಟಿಗೆ ಹಿಡಿದು ನೋಡಿದೆ, ಟೇಪು ಸರಿಯಿತ್ತು. ಸಡಿಲ ಪ್ಯಾಂಟಿನೊಳಗೆ ಮೊಣಕಾಲು ಬಾಗಿರುವುದು ಅಕ್ಟೋಬರ್‌ನಲ್ಲಿ ಗೊತ್ತಾಯಿತು. ಗದರಿದರೆ ಮೆಲ್ಲಗೆ ಕೇಳಿದಳು:

“ಮಿಸ್, ಗಿಡ್ಡ ಆಗಾಕ ಗುಳಿಗಿ ಸಿಗ್ತಾವೇನ್ರಿ?”

ಡಿಸೆಂಬರ್‌ನಲ್ಲಿ ಹಾಸ್ಟೆಲ್ ಮಕ್ಕಳ ಮರು ಆಯ್ಕೆ ಇದೆ, ಅದಕ್ಕೆ ಕನಿಷ್ಠ 168 ಬೇಕು, ಇಲ್ಲದಿದ್ದರೆ ಹಾಸ್ಟೆಲ್ ಸೀಟು ಹೋಗುತ್ತದೆ, ಊರಿಗೆ ಮರಳಬೇಕಾಗುತ್ತದೆ ಎಂದೆ. ಅವಳ ಮುಖ ಸಣ್ಣದಾಯಿತು. ಆಟ ಬೇಕಿತ್ತು, ಎತ್ತರ ಬೇಡವಾಗಿತ್ತು. ಕೊನೆಗೆ ಹೇಳಿದಳು:

“ಹಂಗಾದ್ರ ಅವತ್ತೊಂದಿನ ಉದ್ದ ಆಗ್ತೀನ್ರಿ.”

ಊಟ

ಮೊಣಕಾಲಿನ ಸಂಗತಿ ನಾನು ಹೇಳುವಷ್ಟರಲ್ಲಿ, ನನ್ನ ಅಂಕಿಗಳನ್ನು ನೋಡಿದ್ದ ವಾಲಿಬಾಲ್ ಕೋಚ್ ಹಾಸ್ಟೆಲಿನ ಅಡುಗೆಮನೆ ಸೇರಿದ್ದರು. ಊಟದಲ್ಲಿ ಸತ್ವವಿಲ್ಲ, ಬೆಳೆಯುವ ಹುಡುಗಿ ಕುಗ್ಗುತ್ತಿದ್ದಾಳೆ ಎಂದು ಕೂಗಾಡಿದರು. ಅಡುಗೆಯಾಕೆ ಭತ್ತ ಬೆಳೆಯುವ ಕಂಪ್ಲಿಯವರು. ಸೌಟು ಕೆಳಗಿಟ್ಟರು.

“ಕಂಪ್ಲಿ ಅಕ್ಕಿ ಉಂಡು ಯಾರರ ಗಿಡ್ಡ ಆಗ್ಯಾರೇನ್ರಿ ಸರ? ನೀವೂ ಇದನ್ನ ಉಣ್ಣಾಕತ್ತೀರಿ. ಅಗಲ ಆಗೀರಿ, ಗಿಡ್ಡೇನ್ ಆಗಿಲ್ಲ.”

ಕೋಚ್ ಆ ದಿನ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಆಯ್ಕೆ

ಆಯ್ಕೆಯ ದಿನ ಅವಳು ನೆಟ್ಟಗೆ ನಿಲ್ಲಬೇಕೆಂದೇ ಬಂದಿದ್ದಳು. ಆದರೆ ಮೈ ಬಾಗುವುದನ್ನು ಕಲಿತುಬಿಟ್ಟಿತ್ತು. ಅಳೆಯುವವರು 166 ಎಂದರು. ಅವಳ ಕಣ್ಣು ತುಂಬಿತು. ಇನ್ನೊಮ್ಮೆ ನೋಡಿ ಎಂದು ಕೋಚ್ ಕೈಮುಗಿದರು. ಊಟದ ಡಬ್ಬಿ ತಂದಿದ್ದ ಅಡುಗೆಯಾಕೆ ಎಲ್ಲರನ್ನೂ ಸರಿಸಿ ಬಂದು, ಹುಡುಗಿಯ ಎರಡೂ ಕಿವಿ ಹಿಡಿದು ಮೇಲಕ್ಕೆತ್ತಿದರು.

“ನನ್ನ ಅನ್ನಕ್ಕ ಕೆಟ್ಟ ಹೆಸ್ರು ತರ್ತಿ? ನಿಂದ್ರಬೇ ನೆಟ್ಟಗ.”

ಅವಳಿಗೆ ನಗು ತಡೆಯಲಾಗಲಿಲ್ಲ. ಕಿವಿ ಬಿಟ್ಟ ಮೇಲೂ ಹಾಗೆಯೇ ನಿಂತಿದ್ದಳು. ಅಳೆಯುವವರು ಸ್ಟೂಲ್ ತರಿಸಿ, ಹತ್ತಿ, ಓದಿದರು.

ನೂರ ಎಪ್ಪತ್ತೊಂದು.