ನಮ್ಮ ಸೂಜಿ ಷಡ್ಡಕರು

ಜಂಬಕ್ಕೂ ಒಂದು ಮಿತಿ ಬೇಡವೇ! ಜನ ಮನೆ ಕಟ್ಟಿಸಿ ಕೊಚ್ಚಿಕೊಳ್ಳುತ್ತಾರೆ, ಕಾರು ಕೊಂಡು ಕೊಚ್ಚಿಕೊಳ್ಳುತ್ತಾರೆ. ನನ್ನ ಹೆಂಡತಿಯ ಅಕ್ಕನ ಗಂಡ, ಅರ್ಥಾತ್ ನನ್ನ ಷಡ್ಡಕರು, ಕೊಚ್ಚಿಕೊಳ್ಳುವುದು ತೂತಿನ ಬಗ್ಗೆ! ಎಲ್ಲರ ಮನೆ ದೋಸೆಯೂ ತೂತೇ ಎಂದು ನಾವೆಲ್ಲ ಸುಮ್ಮನಿದ್ದರೆ, ಈ ಮಹಾರಾಯರು ತೂತು ತೋರಿಸಿಯೇ ಮೆರೆಯುತ್ತಾರೆ.

ಪೀಣ್ಯದ ಇಂಜೆಕ್ಷನ್ ಸೂಜಿ ಕಾರ್ಖಾನೆಯಲ್ಲಿ ಅವರು ಸೂಪರ್‌ವೈಸರ್. ಮಾರತ್ತಹಳ್ಳಿಯ ಆಫೀಸಿನಲ್ಲಿ ನಾನು ದಿನವಿಡೀ ಏನು ಮಾಡುತ್ತೇನೆಂದು ನಮ್ಮತ್ತೆ ಇವತ್ತಿನವರೆಗೂ ಕೇಳಿಲ್ಲ. ದೊಡ್ಡ ಅಳಿಯಂದಿರ ಸೂಜಿ ಪುರಾಣ ಶುರುವಾದರೆ ಮಾತ್ರ ಒಲೆಯ ಮೇಲೆ ಹಾಲು ಉಕ್ಕಿದರೂ ಏಳುವುದಿಲ್ಲ. ಹೋಗಲಿ, ಅತ್ತೆ ತಾನೇ ಎಂದು ಸಹಿಸಿಕೊಂಡೇನು. ಆದರೆ ನನ್ನ ಮಗಳು! ನನ್ನ ಸ್ವಂತ ಮಗಳು, ದೊಡ್ಡಪ್ಪ ಬಂದರೆಂದರೆ ನನ್ನನ್ನು ಬಿಟ್ಟು ಓಡಿಹೋಗಿ ಅವರ ತೊಡೆ ಏರುತ್ತಾಳೆ. ಹೊಟ್ಟೆ ಉರಿಯುವುದಿಲ್ಲವೇ, ನೀವೇ ಹೇಳಿ!

ಒಂದು ಯುಗಾದಿಗೆ ದಾಸರಹಳ್ಳಿಯ ಅತ್ತೆ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ನಾನು ಸುಮ್ಮನಿರಲಾರದೆ, “ಅಲ್ಲಾ, ಅಷ್ಟು ಸಣ್ಣ ಸೂಜಿಗೆ ತೂತು ಹೇಗೆ ಕೊರೀತೀರಿ?” ಎಂದುಬಿಟ್ಟೆ.

“ಕೊರೆಯೋದಾ!” ಎಂದು ಷಡ್ಡಕರು ಅತ್ತೆಯ ಕಡೆ ನೋಡಿ ನಕ್ಕರು. ಅತ್ತೆಯೂ ನಕ್ಕರು. ಕೊರೆಯುವುದಿಲ್ಲವೆಂದು ಅವರಿಗೂ ಗೊತ್ತು!

“ನೋಡ್ರೀ, ತೂತು ಮೊದಲು, ಸೂಜಿ ಆಮೇಲೆ,” ಎಂದವರೇ, ನನಗೆ ಬಡಿಸಲು ತಂದಿದ್ದ ಹೋಳಿಗೆಯನ್ನು ತಟ್ಟೆಯಿಂದಲೇ ಎತ್ತಿ ಸುರುಳಿ ಸುತ್ತಿದರು. “ಸ್ಟೀಲ್ ಪಟ್ಟೀನ ಹಿಂಗೆ ಕೊಳವೆ ಮಾಡಿ ಅಂಚು ಬೆಸೀತೀವಿ. ಆಮೇಲೆ ಚಿಕ್ಕ ಅಚ್ಚಲ್ಲಿ ತೂರಿಸಿ ಎಳೀತೀವಿ. ಇನ್ನೂ ಚಿಕ್ಕ ಅಚ್ಚಲ್ಲಿ ಮತ್ತೆ ಎಳೀತೀವಿ. ಎಳೀತಾ ಎಳೀತಾ ದಾರದಷ್ಟು ಸಣ್ಣ ಆದ್ರೂ ಒಳಗಿನ ತೂತು ಮುಚ್ಚಲ್ಲ ಕಣ್ರೀ!”

ಎಳೆದೂ ತೋರಿಸಿದರು. ಹೂರಣವೆಲ್ಲ ನನ್ನ ಹೊಸ ಅಂಗಿಯ ಮೇಲೆ! “ಎಷ್ಟು ಚೆನ್ನಾಗಿ ಹೇಳ್ತಾರೆ,” ಎಂದರು ಅತ್ತೆ. ಬೇರೆ ಹೋಳಿಗೆ ಮೊದಲು ಬಿದ್ದದ್ದೂ ಷಡ್ಡಕರ ಎಲೆಗೇ.

ಇನ್ನೊಮ್ಮೆ ಅವರಿಗೆ ಜ್ವರ ಬಂದಾಗ ನಾನೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ನರ್ಸ್ ಸೂಜಿ ಹಿಡಿದು ಬಂದರೆ ಇವರು ತೋಳು ಕೊಡುವ ಬದಲು ಜೇಬಿನಿಂದ ಭೂತಗನ್ನಡಿ ತೆಗೆದರು! ತುದಿಯನ್ನು ಸರಿಯಾಗಿ ಓರೆ ಮಸೆದಿದ್ದಾರೆಯೇ, ಮಸೆದ ಅಂಚಿನಲ್ಲಿ ಸಿಬಿರು ಉಳಿದಿದೆಯೇ, ಎಲ್ಲ ನೋಡಬೇಕಂತೆ. “ಹಿಡ್ಕೊಳ್ಳಿ ಸಿಸ್ಟರ್, ಮುಟ್ಟಲ್ಲ.”

“ಅಣ್ಣಾ, ಜ್ವರ ಬಂದಿರೋದು ನಿಮಗಾ, ಸೂಜಿಗಾ?” ಎಂದಳು ಆಕೆ.

ನನಗೆ ಖುಷಿಯೋ ಖುಷಿ! ಅಷ್ಟರಲ್ಲಿ ಒಳಗಿನಿಂದ ಬಂದ ಡಾಕ್ಟರು ಭೂತಗನ್ನಡಿ ಇಸಿದುಕೊಂಡು, ತಾವೂ ನೋಡಿ, “ಸಾರ್, ಕಾಫಿ ತಗೋತೀರಾ?” ಎಂದರು. ಟೋಕನ್ ಹಿಡಿದು ನಿಂತಿದ್ದ ನನ್ನನ್ನು ಯಾರೂ ನೀರು ಬೇಕಾ ಎಂದೂ ಕೇಳಲಿಲ್ಲ.

ಹೋದ ವರ್ಷ ನನ್ನ ಮಗಳಿಗೆ ಸಕ್ಕರೆ ಕಾಯಿಲೆ ಎಂದು ತಿಳಿಯಿತು. ಎಂಟು ವರ್ಷದ ಮಗು. ಇನ್ನು ದಿನವೂ ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಬೇಕು. ಆಸ್ಪತ್ರೆಯಲ್ಲಿ ನನಗೆ ಕಲಿಸಿ ಕಳಿಸಿದ್ದರು. ಮನೆಗೆ ಬಂದ ಮರುದಿನ ಬೆಳಿಗ್ಗೆ ಸಿರಿಂಜು ಹಿಡಿದು ಹೋದರೆ ಅವಳು ಮಂಚದ ಮೂಲೆಗೆ ಸರಿದುಬಿಟ್ಟಳು.

“ನೀನು ಬೇಡಪ್ಪಾ. ದೊಡ್ಡಪ್ಪ ಬರ್ಲಿ. ಅವರಿಗೆ ಗೊತ್ತು.”

ಇಲ್ಲೂ ಅವರೇ ಬೇಕೇ! ಆದರೂ ಫೋನ್ ಮಾಡಿದೆ. ಆ ಟ್ರಾಫಿಕ್ಕಿನಲ್ಲಿ ಅದು ಹೇಗೆ ಬಂದರೋ, ಕಾರ್ಖಾನೆಯ ಬಟ್ಟೆಯಲ್ಲೇ ಬಂದರು. ಸಿರಿಂಜು ತೆಗೆದುಕೊಂಡು ಮಗುವಿನ ಪಕ್ಕ ಕೂತರು. ಅವಳ ಪುಟ್ಟ ತೊಡೆ ನೋಡಿದರು. ಸೂಜಿಯ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

“ನಾವು ರಬ್ಬರ್ ಹಾಳೆಗೆ ಚುಚ್ಚಿ ನೋಡೋದು ಕಣ್ರೀ. ರಬ್ಬರಿಗೆ. ನಮ್ಮ ಪಾಪುಗೆ ನನ್ನ ಕೈಲಾಗಲ್ಲ. ನೀವೇ ಮಾಡಿ.” ಸಿರಿಂಜು ನನ್ನ ಕೈಗಿಟ್ಟು, ಗೋಡೆಗೆ ಮುಖ ಮಾಡಿ ನಿಂತು, ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು.

ಗೆದ್ದೆ ಎನ್ನಿಸಬೇಕಿತ್ತು. ಎನ್ನಿಸಲಿಲ್ಲ. ನಾನೇ ಚುಚ್ಚಿದೆ. ಮಗಳು ತುಟಿ ಕಚ್ಚಿ, ಉಗುರು ಊರುವಷ್ಟು ಬಿಗಿಯಾಗಿ ನನ್ನ ತೋಳು ಹಿಡಿದಳು. ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಗೋಡೆಯ ಕಡೆ ತಿರುಗಿ ಹೇಳಿದಳು, “ದೊಡ್ಡಪ್ಪಾ, ಅಳ್ಬೇಡಿ. ಸೂಜಿ ತುಂಬಾ ಚೆನ್ನಾಗಿದೆ. ಒಂಚೂರೂ ನೋವಾಗ್ಲಿಲ್ಲ.”

ನನ್ನ ತೋಳನ್ನು ಮಾತ್ರ ಅವಳು ಇನ್ನೂ ಬಿಟ್ಟಿರಲಿಲ್ಲ.